ಅರೆತಲೆನೋವಿನ ಮುಂಗುರುತುಗಳೂ ಲಕ್ಷಣಗಳೂ

(ಮನೆಯಲ್ಲಿಯೂ ಸ್ತ್ರೀಯರ ಕೂಟದಲ್ಲಿಯೂ ಓದತಕ್ಕ ಆರೋಗ್ಯ ಪಾಠ)



ಜ್ವರ ಬಂದವನ ಮೈಯನ್ನು ಮುಟ್ಟಿದರೆ ಬಿಸಿ ತಿಳಿಯುವದು. ಕಾಲು ಉಳುಕಿದವನ ಬಾವು ಕಣ್ಣಿಗೆ ಕಾಣುವದು. ಅರೆತಲೆನೋವು ಬಂದವರ ಮೈಮೇಲಾದರೋ ಗಾಯವಿಲ್ಲ, ಬಾವಿಲ್ಲ, ಜ್ವರವೂ ಇಲ್ಲ. ಆದಕಾರಣ ಅನೇಕ ಮನೆಗಳಲ್ಲಿ ಅದನ್ನು ಯಾರೂ ನಂಬುವದಿಲ್ಲ. ಕಳೆ ಕೀಳುವ ದಿವಸದಲ್ಲಿ ಸೊಸೆಯು ಕತ್ತಲೆಯ ಮೂಲೆಯಲ್ಲಿ ಮಲಗಿದರೆ ಅತ್ತೆಯು ಅವಳನ್ನು ಮೈಗಳ್ಳಿ ಎನ್ನುವಳು. ಹುಡುಗನು ತಲೆಯನ್ನು ಹಿಡಿದುಕೊಂಡು ಶಾಲೆಯಿಂದ ಬಂದರೆ, ಪಾಠಕ್ಕೆ ಹೆದರಿ ಬಂದನೆಂದು ತಂದೆಯು ಗದರಿಸುವನು. ಇನ್ನು ಕೆಲವರು ದೃಷ್ಟಿ ತಾಕಿತೆಂದೂ ಗಾಳಿ ಸೋಂಕಿತೆಂದೂ ಹೇಳಿ ಮಂತ್ರಿಸಿದ ದಾರವನ್ನು ಹುಡುಕಿಕೊಂಡು ಹೋಗುವರು.

ಇವೆಲ್ಲಾ ತಪ್ಪು. ಅರೆತಲೆನೋವು ಮಿದುಳಿಗೂ ನರಗಳಿಗೂ ಸಂಬಂಧಪಟ್ಟ ನಿಜವಾದ ರೋಗವಾಗಿದೆ. ಅದು ಅನೇಕರಲ್ಲಿ ಹೇಳದೆ ಬರುವ ಕಳ್ಳನಂತೆ ಬರುವದಿಲ್ಲ. ನೋವು ಏಳುವದಕ್ಕೆ ಬಹಳ ಹೊತ್ತು ಮುಂಚೆಯೇ ಕೆಲವು ಗುರುತುಗಳನ್ನು ತೋರಿಸುವದು. ಆ ಗುರುತುಗಳನ್ನು ಅರಿತವರು ಹೊತ್ತಿಗೆ ಸರಿಯಾಗಿ ಔಷಧ ತಕ್ಕೊಂಡು ನೋವನ್ನು ತಗ್ಗಿಸಿಕೊಳ್ಳಬಹುದು. ಅಪಾಯವಾದ ಬೇರೆ ತಲೆನೋವು ಬಂದಾಗ ತಡಮಾಡದೆ ಆಸ್ಪತ್ರೆಗೆ ಹೋಗಲೂ ಬಹುದು. ಈ ಪಾಠದಲ್ಲಿ ನಾವು ಕಲಿಯತಕ್ಕದ್ದು ಇದೇ.

೧. ಈ ರೋಗವು ಯಾರಿಗೆ ಬರುವದು?

ನಮ್ಮ ಹಿರಿಯರು ಇದನ್ನು ಅರೆತಲೆನೋವೆಂದು ಕರೆದರು. ಪೂರ್ವಕಾಲದ ವೈದ್ಯಗ್ರಂಥಗಳಾದ ಚರಕ ಸುಶ್ರುತ ಸಂಹಿತೆಗಳಲ್ಲಿ ಇದಕ್ಕೆ ಅರ್ಧಾವಭೇದಕವೆಂದು ಹೆಸರು. ಈಗ ಆಸ್ಪತ್ರೆಗಳಲ್ಲಿ ಹೇಳುವ ಮೈಗ್ರೇನ್ ಎಂಬ ಮಾತು ಸಹ ಅರ್ಧ ತಲೆ ಎಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಹುಟ್ಟಿದ್ದು. ಹೆಸರು ಹೀಗಿದ್ದರೂ ಕೆಲವರಿಗೆ ತಲೆಯ ಎರಡು ಪಕ್ಕಗಳಲ್ಲಿಯೂ ನೋವು ಇರುವದುಂಟು.

ಇದು ಪಟ್ಟಣದ ಐಶ್ವರ್ಯವಂತರ ರೋಗವೆಂದು ಕೆಲವರು ನೆನಸುವರು. ಹಾಗಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಪರದೇಶದ ಪಂಡಿತರ ಸಂಗಡ ಕೂಡಿ, ಬೆಂಗಳೂರಿನ ಪಟ್ಟಣ ಭಾಗಗಳಲ್ಲಿಯೂ ಹಳ್ಳಿಯ ಭಾಗಗಳಲ್ಲಿಯೂ ಮನೆಮನೆಗೆ ಹೋಗಿ, ೧೮ರಿಂದ ೬೫ ವರುಷ ಪ್ರಾಯದೊಳಗಿನ ೨,೩೨೯ ಜನರನ್ನು ವಿಚಾರಿಸಿದರು. ೨೦೧೫ರಲ್ಲಿ ಪ್ರಕಟವಾದ ಅವರ ಲೆಕ್ಕದ ಮೇರೆಗೆ, ಒಂದು ವರುಷದೊಳಗೆ ನೂರರಲ್ಲಿ ಸುಮಾರು ೬೪ ಮಂದಿಗೆ ಯಾವದಾದರೊಂದು ತಲೆನೋವು ಬಂದಿತ್ತು. ನೂರರಲ್ಲಿ ಸುಮಾರು ೨೫ ಮಂದಿಗೆ ಅರೆತಲೆನೋವೇ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಅದು ಬಹು ಹೆಚ್ಚು. ಪಟ್ಟಣದವರಿಗಿಂತ ಹಳ್ಳಿಯವರಲ್ಲಿಯೂ ಹೆಚ್ಚು. ಲೋಕವನ್ನೆಲ್ಲಾ ತೆಗೆದುಕೊಂಡರೆ ಏಳು ಮಂದಿಯಲ್ಲಿ ಸುಮಾರು ಒಬ್ಬರಿಗೆ ಈ ರೋಗವುಂಟು. ನಮ್ಮ ಸೀಮೆಯಲ್ಲಿ ನಾಲ್ವರಲ್ಲಿ ಒಬ್ಬರಿಗೆ. ಐವತ್ತು ಮಂದಿ ದೊಡ್ಡವರು ಕೂಡಿಬರುವ ಒಂದು ಹಳ್ಳಿಯ ಸಭೆಯಲ್ಲಿ ಹತ್ತು ಹನ್ನೆರಡು ಮಂದಿ ಇದನ್ನು ಬಲ್ಲವರಾಗಿರುವರೆಂದು ಇದರಿಂದ ತಿಳಿಯಬೇಕು.

ಇದು ಬಹಳವಾಗಿ ವಂಶದಲ್ಲಿ ಇಳಿದು ಬರುವ ರೋಗ. ತಾಯಿಗೆ ಇದ್ದರೆ ಮಗಳಿಗೆ ಬರುವದುಂಟು. ಸಾಮಾನ್ಯವಾಗಿ ಎಳೇ ಪ್ರಾಯದಲ್ಲಿ ಆರಂಭವಾಗಿ, ದುಡಿಯುವ ವಯಸ್ಸಿನಲ್ಲಿ ಹೆಚ್ಚಾಗಿ, ಮುಪ್ಪಿನಲ್ಲಿ ತಗ್ಗುವದು.

೨. ರೋಗದ ನಾಲ್ಕು ಹೆಜ್ಜೆಗಳು

ತಲೆ ಸಿಡಿಯುವಾಗ ರೋಗ ಬಂತೆಂದು ನಾವು ಹೇಳುತ್ತೇವೆ. ಆದರೆ ರೋಗವು ಅದಕ್ಕೆ ಮುಂಚೆಯೇ ಬಂದಿರುವದು. ಅದು ನಾಲ್ಕು ಹೆಜ್ಜೆಗಳಲ್ಲಿ ನಡೆಯುವದು. ಎಲ್ಲರಲ್ಲಿಯೂ ನಾಲ್ಕೂ ಕಾಣಿಸುವವೆಂದು ತಿಳಿಯಬಾರದು.

ಮೊದಲನೆಯದು, ಮುಂಗುರುತುಗಳು. ನೋವಿಗೆ ಕೆಲವು ತಾಸು ಮುಂಚೆ, ಕೆಲವರಲ್ಲಿ ಎರಡು ದಿವಸ ಮುಂಚೆ, ಮೈಯಲ್ಲಿಯೂ ಮನಸ್ಸಿನಲ್ಲಿಯೂ ಒಂದು ಬೇರೆತನ ತೋರುವದು. ನಿದ್ರೆ ಮಾಡಿ ಎದ್ದರೂ ಆಕಳಿಕೆಯ ಮೇಲೆ ಆಕಳಿಕೆ ಬರುವದು. ಕುತ್ತಿಗೆಯ ಹಿಂಭಾಗ ಬಿಗಿಯುವದು. ಕಾರಣವಿಲ್ಲದೆ ಸಿಟ್ಟು ಅಥವಾ ದುಃಖ ಬರುವದು. ಕೆಲಸದಲ್ಲಿ ಮನಸ್ಸು ನಿಲ್ಲದು. ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುವದು. ಬೆಳಕೂ ಸದ್ದೂ ಸಾಕಾಗಿ ತೋರುವವು. ಸಿಹಿಯ ಮೇಲೆ ಬಹಳ ಆಶೆ ಹುಟ್ಟುವದು. ಬೆಲ್ಲ ತಿಂದದ್ದರಿಂದಲೇ ತಲೆನೋವು ಬಂತೆಂದು ಅನೇಕರು ಹೇಳುವರು. ಆದರೆ ಆರಂಭವಾದ ರೋಗವೇ ಬೆಲ್ಲದ ಮೇಲೆ ಆಶೆಯನ್ನು ಹುಟ್ಟಿಸಿರಬಹುದೆಂಬದನ್ನು ಅವರು ಅರಿಯರು. ಈ ಗುರುತುಗಳನ್ನು ರೋಗಿಗಿಂತ ಮೊದಲು ಮನೆಯವರೇ ಕಂಡುಹಿಡಿಯುವದುಂಟು.

ಎರಡನೆಯದು, ಕಣ್ಣಿನ ಮುಂದೆ ಕಾಣುವ ಮಿಂಚು. ರೋಗಿಗಳಲ್ಲಿ ಸುಮಾರು ಕಾಲು ಭಾಗದವರಿಗೆ ಮಾತ್ರ ಇದು ಬರುವದು. ಒಂದು ಸಣ್ಣ ಹೊಳೆಯುವ ಚುಕ್ಕೆ ಕಾಣಿಸಿಕೊಂಡು, ಅದು ಗರಗಸದ ಹಲ್ಲಿನಂತೆ ಅಂಕುಡೊಂಕಾದ ಗೆರೆಯಾಗಿ, ಮೆಲ್ಲಮೆಲ್ಲಗೆ ಹರಡುವದು. ಅದರ ಮಧ್ಯದಲ್ಲಿ ಏನೂ ಕಾಣಿಸದು. ಕಣ್ಣು ಮುಚ್ಚಿದರೂ ಆ ಹೊಳಪು ಹೋಗದು. ಕೆಲವರಿಗೆ ಬೆರಳುಗಳಲ್ಲಿ ಜುಮ್ಮೆಂಬದು ಹುಟ್ಟಿ, ಕೈಯ ಮೇಲೆ ಹತ್ತಿ, ತುಟಿಗೂ ನಾಲಿಗೆಗೂ ಬರುವದು. ಕೆಲವರಿಗೆ ಮಾತು ಸಿಕ್ಕದೆ ತಡವರಿಸುವದು. ಇಂಥ ಒಂದೊಂದು ಗುರುತು ೫ ನಿಮಿಷದಿಂದ ೬೦ ನಿಮಿಷದ ವರೆಗೆ ಇದ್ದು ಪೂರ್ಣವಾಗಿ ಮಾಯವಾಗುವದು.

ಇದು ಹೀಗೆ ಮೆಲ್ಲಗೆ ಹರಡುವದಕ್ಕೆ ಕಾರಣವುಂಟು. ೧೯೪೪ರಲ್ಲಿ ಬ್ರೆಜಿಲ್ ದೇಶದ ಅರಿಸ್ಟಿಡೆಸ್ ಲೆಯಾಂವ್ ಎಂಬ ಪಂಡಿತನು ಪ್ರಾಣಿಗಳ ಮಿದುಳನ್ನು ಪರೀಕ್ಷಿಸುತ್ತಿರುವಾಗ ಒಂದು ವಿಶೇಷವನ್ನು ಪ್ರಕಟಿಸಿದನು. ಮಿದುಳಿನ ಮೇಲ್ಪದರದಲ್ಲಿ ಕೆಲಸ ಸ್ತಬ್ಧವಾಗುವ ಒಂದು ಅಲೆಯು, ಕೆರೆಯಲ್ಲಿ ಕಲ್ಲು ಬಿದ್ದಾಗ ಅಲೆ ಹೋಗುವ ಹಾಗೆ ಹರಡುವದು. ಆದರೆ ಬಹು ನಿಧಾನವಾಗಿ, ನಿಮಿಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಮುಂದರಿಯುವದು. ಅರೆತಲೆನೋವಿನ ಮಿಂಚಿಗೂ ಜುಮ್ಮಿಗೂ ಈ ಅಲೆಯೇ ಕಾರಣವೆಂದು ಈಗಿನ ವೈದ್ಯರು ತಿಳಿದಿದ್ದಾರೆ. ಅಲೆ ಮೆಲ್ಲಗೆ ಹೋಗುವದರಿಂದ ಗುರುತೂ ಮೆಲ್ಲಗೆ ಸರಿಯುವದು. ಈ ಮಾತನ್ನು ನೆನಪಿನಲ್ಲಿಡಿರಿ; ನಾಲ್ಕನೆಯ ಭಾಗದಲ್ಲಿ ಅದು ಬೇಕಾಗುವದು.

ಮೂರನೆಯದು, ನೋವು. ಮುಖಕ್ಕೂ ತಲೆಗೂ ಸೇರಿದ ದೊಡ್ಡ ನರವೊಂದು ಕೆರಳುವದರಿಂದ ಇದು ಉಂಟಾಗುವದು. ಇದರ ಗುರುತುಗಳನ್ನು ಬೆರಳೆಣಿಸಿ ಕಲಿಯಬಹುದು. ನೋವು ಹೆಚ್ಚಾಗಿ ಒಂದು ಪಕ್ಕದಲ್ಲಿರುವದು. ನಾಡಿ ಬಡಿಯುವ ಹಾಗೆ ಮಿಡಿಯುವದು. ಕೆಲಸ ಮಾಡಲಾರದಷ್ಟು ಕಠಿಣವಾಗಿರುವದು. ನಡೆದರೂ ಬಗ್ಗಿದರೂ ಮೆಟ್ಟಲು ಹತ್ತಿದರೂ ಹೆಚ್ಚಾಗುವದು. ಈ ನಾಲ್ಕರಲ್ಲಿ ಎರಡಾದರೂ ಇದ್ದು, ಅದರ ಸಂಗಡ ಓಕರಿಕೆ ಅಥವಾ ವಾಂತಿಯಾಗಲಿ, ಇಲ್ಲವೆ ಬೆಳಕನ್ನೂ ಸದ್ದನ್ನೂ ತಾಳಲಾರದಿರುವಿಕೆಯಾಗಲಿ ಇದ್ದರೆ ಅದು ಅರೆತಲೆನೋವಿನ ರೀತಿ. ಔಷಧ ಕೊಡದಿದ್ದರೆ ೪ ತಾಸಿನಿಂದ ೭೨ ತಾಸುಗಳ ವರೆಗೆ ಇರುವದು. ಇಂಥ ನೋವು ಐದು ಸಾರಿಯಾದರೂ ಬಂದ ಮೇಲೆ, ಬೇರೆ ಕಾರಣವಿಲ್ಲವೆಂದು ತಿಳಿದುಕೊಂಡು, ವೈದ್ಯರು ಇದನ್ನು ಮೈಗ್ರೇನ್ ಎಂದು ಹೇಳುವರು. ಇದಕ್ಕೆ ವಿರೋಧವಾಗಿ, ಪೇಟ ಬಿಗಿದ ಹಾಗೆ ತಲೆಯ ಸುತ್ತಲೂ ಒತ್ತುವ, ವಾಂತಿಯಿಲ್ಲದ, ಕೆಲಸವನ್ನು ನಿಲ್ಲಿಸದ ನೋವು ಆಯಾಸದ ಸಾಧಾರಣ ತಲೆನೋವಾಗಿದೆ.

ಮಕ್ಕಳಲ್ಲಿ ನೋವು ಎರಡು ಗಂಟೆಯಲ್ಲಿಯೇ ತೀರಬಹುದು. ಎರಡು ಪಕ್ಕಗಳಲ್ಲಿಯೂ ಇರಬಹುದು. ಕೆಲವು ಮಕ್ಕಳಿಗೆ ತಲೆ ನೋಯದೆ ಹೊಟ್ಟೆನೋವೂ ವಾಂತಿಯೂ ಆಗಾಗ ಬಂದು ಹೋಗುವವು. ಮಗುವು ಆಟವನ್ನು ಬಿಟ್ಟು ತಾನಾಗಿಯೇ ಕತ್ತಲೆಯ ಕೋಣೆಗೆ ಹೋಗಿ ಮಲಗಿದರೆ ಅದು ಕಳ್ಳತನವಲ್ಲ, ಸಾಕ್ಷಿ.

ನಾಲ್ಕನೆಯದು, ನೋವಿನ ನಂತರದ ದಣಿವು. ನೋವು ಹೋದರೂ ಒಂದು ದಿವಸದ ವರೆಗೆ ಮೈ ಸೋತು, ಮನಸ್ಸು ಮಂಕಾಗಿ, ತಲೆ ಅಲ್ಲಾಡಿಸಿದರೆ ಒಳಗೆ ನೋಯುವದು. ಆಗಲೂ ರೋಗವು ಪೂರಾ ಬಿಟ್ಟಿರುವದಿಲ್ಲ.

೩. ನೋವನ್ನು ಎಬ್ಬಿಸುವ ಸಂಗತಿಗಳು

ಹೊಸಕೋಟೆಯ ಕಡೆಯ ಹಳ್ಳಿಯಿಂದ ಕಂಟೋನ್ಮೆಂಟಿಗೆ ಹೋಗುವ ಒಬ್ಬ ಸ್ತ್ರೀಯನ್ನು ಊಹಿಸಿಕೊಳ್ಳೋಣ. ಬಸ್ಸು ತಪ್ಪೀತೆಂದು ಇರುಳು ಸರಿಯಾಗಿ ನಿದ್ರಿಸದೆ, ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಕಟ್ಟಿ, ಏನೂ ತಿನ್ನದೆ ಹೊರಡುವಳು. ಹಳೇ ಮದ್ರಾಸು ರಸ್ತೆಯಲ್ಲಿ ಕೃಷ್ಣರಾಜಪುರಕ್ಕೆ ಬರುವಷ್ಟರಲ್ಲಿ ವಾಹನಗಳ ಸಂದಣಿ. ಕಿಟಕಿಯಿಂದ ಎಳೇ ಬಿಸಿಲು ಕಣ್ಣಿಗೆ ಹೊಡೆಯುವದು. ಹಲಸೂರಿನ ವರೆಗೂ ಹೊಗೆಯ ವಾಸನೆ, ಹಾರನ್ನಿನ ಕೂಗು. ಶಿವಾಜಿನಗರದಲ್ಲಿ ಇಳಿದು ರಸೆಲ್ ಮಾರುಕಟ್ಟೆಯ ಜನಸಂದಣಿಯಲ್ಲಿ ಮಧ್ಯಾಹ್ನದ ವರೆಗೆ ನಡೆದು, ನೀರು ಸಹ ಕುಡಿಯದೆ, ಒಂದು ಲೋಟ ಕಾಫಿಯಲ್ಲಿ ಹಸಿವನ್ನು ಮರೆಸುವಳು. ತಿರುಗಿ ಬರುವಾಗ ತಲೆ ಸಿಡಿಯುವದು. ಪಟ್ಟಣದ ಗಾಳಿ ತನಗೆ ಆಗದೆಂದು ಅವಳು ಹೇಳುವಳು.

ಆದರೆ ಆ ದಿವಸದಲ್ಲಿ ಎಷ್ಟು ಸಂಗತಿಗಳು ಕೂಡಿದವು ನೋಡಿರಿ: ನಿದ್ರೆಗೇಡು, ತಲೆಸ್ನಾನ, ಹಸಿವು, ಪ್ರಯಾಣ, ಬಿಸಿಲು, ಹೊಗೆ, ಸದ್ದು, ಬಾಯಾರಿಕೆ. ಒಂದೊಂದನ್ನು ಅವಳು ತಾಳಿಯಾಳು. ಎಲ್ಲವೂ ಒಟ್ಟಾದಾಗ ತುಂಬಿದ ಕೊಡದ ಹಾಗೆ ರೋಗವು ಹೊರಚೆಲ್ಲುವದು. ತಲೆಸ್ನಾನದಿಂದ ಅರೆತಲೆನೋವು ಏಳುವದೆಂಬದು ಕೇವಲ ಅಜ್ಜಿಯರ ಮಾತಲ್ಲ. ಮುಂಬಯಿಯ ವೈದ್ಯರಾದ ಕೆ. ರವಿಶಂಕರ್ ಎಂಬವರು ೨೦೦೬ರಲ್ಲಿ ಇಂಥ ೯೪ ರೋಗಿಗಳ ಸಂಗತಿಯನ್ನು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ.

ಸ್ತ್ರೀಯರಲ್ಲಿ ಅನೇಕರಿಗೆ ಮುಟ್ಟಿನ ದಿವಸಗಳಲ್ಲಿ ನೋವು ಏಳುವದು. ಬಸುರಿನ ಕಾಲದಲ್ಲಿ ಎಷ್ಟೋ ಮಂದಿಗೆ ತಗ್ಗುವದು. ಉಪವಾಸದಿಂದ ನೋವು ಏಳುವವರು ಆ ದಿವಸ ನೀರನ್ನು ಬಿಡಬಾರದು, ಬಹು ಹೊತ್ತು ಹಸಿದಿರಲೂ ಬಾರದು. ಕಾಫಿಯನ್ನು ದಿನಾಲು ಕುಡಿಯುವವರು ಫಕ್ಕನೆ ಬಿಟ್ಟರೂ ತಲೆನೋವು ಬರುವದು.

೪. ಅಪಾಯವಾದ ತಲೆನೋವಿನ ಗುರುತುಗಳು

ಈ ಭಾಗವನ್ನು ಎರಡು ಸಾರಿ ಓದಿರಿ. ಯಾಕಂದರೆ ಬಲ್ಲ ರೋಗವೆಂದು ತಿಳಿದು ಸುಮ್ಮನಿದ್ದು ಪ್ರಾಣ ಕಳಕೊಳ್ಳುವವರುಂಟು. ಕೆಳಗೆ ಹೇಳಿದವುಗಳಲ್ಲಿ ಒಂದಾದರೂ ಕಂಡರೆ ಅರೆತಲೆನೋವೆಂದು ತಳ್ಳಿಬಿಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಸಿಡಿಲು ಬಡಿದ ಹಾಗೆ ಒಂದು ನಿಮಿಷದೊಳಗೆ ಏರಿ, ಜೀವಮಾನದಲ್ಲಿ ಎಂದೂ ಕಾಣದಷ್ಟು ಕಠಿಣವಾಗುವ ನೋವು.

ಜ್ವರದ ಸಂಗಡ ಕುತ್ತಿಗೆ ಮುಂದಕ್ಕೆ ಬಗ್ಗದಷ್ಟು ಬಿಗಿಯಾಗಿರುವ ನೋವು, ಇದು ಮಿದುಳುಜ್ವರವಾಗಿರಬಹುದು.

ಬಾಯಿ ಒಂದು ಕಡೆಗೆ ಸೊಟ್ಟಾಗುವದು, ಒಂದು ಕೈ ಅಥವಾ ಕಾಲು ಬಲಗುಂದುವದು, ಮಾತು ತೊದಲುವದು, ಬುದ್ಧಿ ಕಲಕುವದು, ಫಿಟ್ಸು ಬರುವದು.

ತಲೆಗೆ ಪೆಟ್ಟು ಬಿದ್ದ ನಂತರದ ನೋವು.

ಐವತ್ತು ವರುಷ ದಾಟಿದ ಮೇಲೆ ಹೊಸದಾಗಿ ಆರಂಭವಾದ ನೋವು. ದಿನದಿಂದ ದಿನಕ್ಕೆ ಬಿಡದೆ ಹೆಚ್ಚುವ ನೋವು. ಕೆಮ್ಮಿದರೆ ಮಾತ್ರ ಏಳುವ ನೋವು. ಕಣ್ಣಿನ ದೃಷ್ಟಿ ತಗ್ಗುವ ನೋವು.

ಬಸುರಿಯರಿಗೂ ಬಾಣಂತಿಯರಿಗೂ ಬಂದ ಹೊಸ ತಲೆನೋವು. ರಕ್ತದ ಒತ್ತಡ ಏರಿ ತಾಯಿಗೂ ಕೂಸಿಗೂ ಅಪಾಯವಾಗಬಹುದು.

ಅರೆತಲೆನೋವಿನ ಜುಮ್ಮನ್ನೂ ಲಕ್ವವನ್ನೂ ಹೇಗೆ ಬೇರೆಮಾಡಬೇಕೆಂದು ನೀವು ಕೇಳುವಿರಿ. ಮುಂಚೆ ಹೇಳಿದ ಅಲೆಯನ್ನು ನೆನಸಿರಿ. ಅರೆತಲೆನೋವಿನ ಗುರುತು ಮೆಲ್ಲಗೆ ಹುಟ್ಟಿ, ಒಂದು ಕಡೆಯಿಂದ ಮತ್ತೊಂದು ಕಡೆಗೆ ಸರಿದು, ಒಂದು ತಾಸಿನೊಳಗೆ ಹೋಗುವದು. ಲಕ್ವವಾದರೋ ದೀಪ ಆರಿದ ಹಾಗೆ ತಟ್ಟನೆ ಬಲವನ್ನು ತೆಗೆದುಬಿಡುವದು. ಆದರೂ ಮೊದಲನೆಯ ಸಾರಿ ಇಂಥ ಗುರುತು ಬಂದಾಗ ಮನೆಯಲ್ಲಿ ಕೂತು ನಿರ್ಣಯಿಸಬಾರದು. ಲಕ್ವದಲ್ಲಿ ರಕ್ತದ ಗಡ್ಡೆಯನ್ನು ಕರಗಿಸುವ ಔಷಧವನ್ನು ಮೊದಲಿನ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ತಡವಾದಷ್ಟು ಮಿದುಳು ಸಾಯುವದು. ೧೦೮ ಎಂಬ ಸಂಖ್ಯೆಗೆ ಫೋನು ಮಾಡಿದರೆ ಆಂಬುಲೆನ್ಸು ಹಣವಿಲ್ಲದೆ ಬರುವದು.

೫. ಮಾಡತಕ್ಕದ್ದೂ ಮಾಡಬಾರದ್ದೂ

ಮುಂಗುರುತು ಕಂಡ ಕೂಡಲೇ ನೀರು ಕುಡಿದು, ಸ್ವಲ್ಪ ಉಂಡು, ಬಿಸಿಲಿನ ಕೆಲಸವನ್ನು ಬಿಟ್ಟು, ಸಾಧ್ಯವಾದರೆ ವಿಶ್ರಮಿಸಬೇಕು. ವೈದ್ಯರು ಬರಕೊಟ್ಟ ನೋವಿನ ಗುಳಿಗೆಯನ್ನು ನೋವು ಏಳುತ್ತಿರುವಾಗಲೇ ತಕ್ಕೊಳ್ಳಬೇಕು. ಸಹಿಸುವಷ್ಟು ಸಹಿಸಿ ಕಡೆಗೆ ನುಂಗಿದರೆ ಹೊಟ್ಟೆಯು ಅದನ್ನು ಚೆನ್ನಾಗಿ ಹೀರದು, ವಾಂತಿಯಲ್ಲಿಯೂ ಹೋಗುವದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಹೊಟ್ಟೆಹುಣ್ಣು, ಮೂತ್ರಪಿಂಡದ ರೋಗ, ಹೃದಯದ ರೋಗ, ಉಬ್ಬಸ ಇವುಗಳಲ್ಲಿ ಯಾವದಾದರೂ ಇದ್ದರೆ, ಬಸುರಿಯಾಗಿದ್ದರೆ, ಮೊದಲೇ ವೈದ್ಯರಿಗೆ ಹೇಳಬೇಕು. ಕಣ್ಣಿನ ಮುಂದೆ ಮಿಂಚು ಕಾಣುವ ಸ್ತ್ರೀಯರು ಗರ್ಭನಿರೋಧದ ಗುಳಿಗೆಯನ್ನು ಕೇಳುವಾಗ ಆ ಸಂಗತಿಯನ್ನು ಅವಶ್ಯವಾಗಿ ತಿಳಿಸಬೇಕು. ಅಂಥ ಕೆಲವು ಗುಳಿಗೆಗಳು ಅವರಲ್ಲಿ ಲಕ್ವದ ಅಪಾಯವನ್ನು ಹೆಚ್ಚಿಸುವವು.

ಇಲ್ಲಿ ಒಂದು ದೊಡ್ಡ ಉರುಲು ಇದೆ. ಪೆಟ್ಟಿಗೆ ಅಂಗಡಿಯಲ್ಲಿ ಬಿಡಿ ಗುಳಿಗೆಯು ಕಡಿಮೆ ಹಣಕ್ಕೆ ಸಿಕ್ಕುವದರಿಂದ ಕೆಲವರು ದಿನಾಲು ಒಂದೆರಡು ನುಂಗುವರು. ಸಾಧಾರಣ ನೋವಿನ ಗುಳಿಗೆಯನ್ನು ತಿಂಗಳಿಗೆ ೧೫ ದಿವಸವಾಗಲಿ ಹೆಚ್ಚಾಗಲಿ, ಹಲವು ಔಷಧ ಬೆರೆತ ಗುಳಿಗೆಯನ್ನು ೧೦ ದಿವಸವಾಗಲಿ ಹೆಚ್ಚಾಗಲಿ, ಮೂರು ತಿಂಗಳು ಮೀರಿ ತಕ್ಕೊಂಡವರಿಗೆ ಆ ಗುಳಿಗೆಯೇ ತಲೆನೋವನ್ನು ಹುಟ್ಟಿಸಬಹುದು. ಆಗ ಗುಳಿಗೆಗಾಗಿ ನೋವು, ನೋವಿಗಾಗಿ ಗುಳಿಗೆ, ಹೀಗೆ ಗಾಣದ ಎತ್ತಿನಂತೆ ಸುತ್ತುವರು. ಮೂತ್ರಪಿಂಡಕ್ಕೂ ಹೊಟ್ಟೆಗೂ ಕೆಡುಕಾಗುವದು. ನೋವು ತಿಂಗಳಿಗೆ ನಾಲ್ಕು ದಿವಸ ಅಥವಾ ಹೆಚ್ಚಾಗಿ ಬರುವದಾದರೆ, ಬರುವದನ್ನೇ ತಡೆಯುವ ಬೇರೆ ಔಷಧಗಳುಂಟು. ಅವುಗಳನ್ನು ವೈದ್ಯರು ಆರಿಸಿ ಕೊಡುವರು.

ಆಸ್ಪತ್ರೆಗೆ ಹೋಗುವಾಗ ಬರಿಗೈಯಿಂದ ಹೋಗಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿವಸಕ್ಕೆ ಒಂದು ಗೆರೆ, ಗುಳಿಗೆ ನುಂಗಿದ ದಿವಸಕ್ಕೆ ಒಂದು ಸೊನ್ನೆ, ಮುಟ್ಟಿನ ದಿವಸಕ್ಕೆ ಒಂದು ಚುಕ್ಕೆ ಹಾಕಿರಿ. ಓದುಬರಹ ಬಾರದವರೂ ಇದನ್ನು ಮಾಡಬಹುದು. ಎರಡು ಮೂರು ತಿಂಗಳ ಇಂಥ ಗುರುತು ವೈದ್ಯರಿಗೆ ಅರ್ಧ ಪರೀಕ್ಷೆ ಮಾಡಿಕೊಟ್ಟ ಹಾಗೆ. ಯಾಕಂದರೆ ಈ ರೋಗವು ಚಿತ್ರ ತೆಗೆಯುವ ಯಂತ್ರದಿಂದಲ್ಲ, ರೋಗಿಯ ಬಾಯಿಮಾತಿನಿಂದಲೇ ಗೊತ್ತಾಗುವದು.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಪಟ್ಟಣದ ಪೂರ್ವ ಭಾಗಕ್ಕೆ ಬರುವವರಿಗೆ ಇಂದಿರಾನಗರದ ಸರ್ ಸಿ. ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಎಂಬ ಸರ್ಕಾರದ ಆಸ್ಪತ್ರೆಗಳುಂಟು. ನರರೋಗಗಳಿಗೋಸ್ಕರವೇ ಇರುವ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ. ೨೦೨೨ರಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ಕರ್ನಾಟಕ ಸರ್ಕಾರವೂ ಕೂಡಿ, ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ರೋಗ ಇವುಗಳನ್ನು ಜಿಲ್ಲಾ ಆಸ್ಪತ್ರೆಗಳಲ್ಲಿಯೇ ನೋಡುವದಕ್ಕೆ ಮಿದುಳು ಆರೋಗ್ಯದ ಚಿಕಿತ್ಸಾಲಯಗಳನ್ನು ಆರಂಭಿಸಿದವು. ಕೋಲಾರವೂ ಚಿಕ್ಕಬಳ್ಳಾಪುರವೂ ಮೊದಲಿನವುಗಳಲ್ಲಿ ಸೇರಿದ್ದವು.

೬. ಮನೆಯವರ ಕರ್ತವ್ಯ

ಈ ರೋಗದಿಂದ ಸಾಧಾರಣವಾಗಿ ಪ್ರಾಣ ಹೋಗುವದಿಲ್ಲ. ಆದರೆ ನಂಬಿಕೆಯಿಲ್ಲದ ಮನೆಯಲ್ಲಿ ರೋಗಿಯು ಎರಡು ಸಾರಿ ಬಾಧೆಪಡುವಳು: ಒಂದು ನೋವಿನಿಂದ, ಮತ್ತೊಂದು ಮಾತಿನಿಂದ. ಆದಕಾರಣ ಅವಳು ಆಕಳಿಸುತ್ತಾ ಕುತ್ತಿಗೆ ಒತ್ತಿಕೊಳ್ಳುವದನ್ನು ಕಂಡ ಗಂಡನು, "ಇವತ್ತು ನೋವು ಬರುವ ಹಾಗಿದೆ, ನೀನು ಉಂಡು ಮಲಗು, ನೀರು ನಾನು ತರುತ್ತೇನೆ" ಎಂದು ಹೇಳಲಿ. ಅತ್ತೆಯು ಒಲೆಯ ಕೆಲಸವನ್ನು ಆ ಹೊತ್ತಿಗೆ ತಾನು ತಕ್ಕೊಳ್ಳಲಿ. ಮಕ್ಕಳು ಬಾಗಲು ಮುಚ್ಚಿ, ಟೀವಿಯ ಸದ್ದನ್ನು ತಗ್ಗಿಸಲಿ. ಇದಕ್ಕೆ ಹಣ ಬೇಡ. ನೋಡುವ ಕಣ್ಣೂ ನಂಬುವ ಮನಸ್ಸೂ ಇದ್ದರೆ ಸಾಕು. ಒಬ್ಬರ ಭಾರವನ್ನು ಒಬ್ಬರು ಹೊರುವದೆಂದರೆ ಮನೆಯೊಳಗೆ ಇಂಥಾದ್ದೇ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

೧. ನೋವಿಗೆ ಮುಂಚೆ ಬರುವ ಮುಂಗುರುತುಗಳಲ್ಲಿ ನಾಲ್ಕನ್ನು ಹೇಳಿರಿ.

೨. ಅರೆತಲೆನೋವಿಗೂ ಆಯಾಸದ ತಲೆನೋವಿಗೂ ಇರುವ ಭೇದವೇನು?

೩. ಕಂಟೋನ್ಮೆಂಟಿಗೆ ಹೋದ ಸ್ತ್ರೀಯು ಆ ದಿವಸ ಯಾವ ಯಾವ ಸಂಗತಿಗಳನ್ನು ತಪ್ಪಿಸಿಕೊಳ್ಳಬಹುದಾಗಿತ್ತು?

೪. ತಡಮಾಡದೆ ಆಸ್ಪತ್ರೆಗೆ ಹೋಗತಕ್ಕ ಗುರುತುಗಳು ಯಾವವು?

೫. ಗುಳಿಗೆಯಿಂದಲೇ ತಲೆನೋವು ಹೇಗೆ ಹುಟ್ಟುವದು?

೬. ನಿಮ್ಮ ಮನೆಯಲ್ಲಿ ಈ ರೋಗವುಳ್ಳವರು ಯಾರು? ಅವರಿಗೆ ಮುಂದಿನ ಸಾರಿ ನೀವು ಏನು ಮಾಡುವಿರಿ?